ಇಪ್ಪತ್ತೊಂದು ಪ್ರಾಣ

ಯಾರನ್ನೂ ನಂಬದವನ ಕೈಗೇ ಬೀಗದ ಕೈ ಕೊಡಬೇಕು ಎಂದು ಕೊರಟಗೆರೆಯ ಅಣ್ಣ ಹೇಳಿದ್ದ. ಹಾಗೆ ನಮ್ಮ ಆಟದ ಶೀಟುಗಳೆಲ್ಲ ನನ್ನ ಕೈಗೆ ಬಂದವು. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಮಧುಗಿರಿಯ ಒಂದು ಟೈರ್ ಅಂಗಡಿಯಲ್ಲಿ ಕೆಲಸ. ಮನೆ ದೊಡ್ಡೇರಿ ಕಡೆಯ ಹಳ್ಳಿ. ಅಪ್ಪ ಕುರಿ ಕಾಯುತ್ತಾನೆ. ನನ್ನ ಬಗ್ಗೆ ಇಷ್ಟು ಸಾಕು.

ಆಟ ಏನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಭಾನುವಾರ ಮಧ್ಯಾಹ್ನ ನಾಲ್ಕು ಜನ ಫೋನಿನಲ್ಲಿ ಒಂದೇ ಕಾಲ್‌ಗೆ ಸೇರುತ್ತೇವೆ. ಒಬ್ಬ ಕಥೆ ನಡೆಸುತ್ತಾನೆ. ಮಿಕ್ಕವರು ಆ ಕಥೆಯೊಳಗಿನ ಪಾತ್ರಗಳು. ಮುಂದೆ ಗವಿ ಇದೆ, ಒಳಗೆ ಏನೋ ಉಸಿರಾಡುತ್ತಿದೆ, ಏನು ಮಾಡುತ್ತೀರಿ ಎಂದು ಅವನು ಕೇಳುತ್ತಾನೆ. ನಾವು ಹೇಳುತ್ತೇವೆ. ಅದು ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಪಾತ್ರಕ್ಕೆ ಬಲ ಎಷ್ಟು, ಚೀಲದಲ್ಲಿ ಏನೇನಿದೆ, ಪ್ರಾಣ ಎಷ್ಟು ಉಳಿದಿದೆ, ಎಲ್ಲ ಶೀಟಿನಲ್ಲಿ ಇರುತ್ತದೆ. ಕಾಗದದ್ದಲ್ಲ, ಇಂಟರ್ನೆಟ್ಟಿನಲ್ಲಿ ಇಟ್ಟಿರುವ ಶೀಟು. ಎಲ್ಲರೂ ನೋಡಬಹುದು. ತಿದ್ದುವ ಹಕ್ಕು ಇಬ್ಬರಿಗೇ, ಕಥೆ ನಡೆಸುವ ಅಣ್ಣನಿಗೆ ಮತ್ತು ನನಗೆ. ಏಟಿನ ಅಂಕಿ ಹಾಕಿದರೆ ಶೀಟು ತಾನೇ ಪ್ರಾಣದಿಂದ ಕಳೆಯುತ್ತದೆ. ಪ್ರಾಣ ಸೊನ್ನೆಗೆ ಬಂದರೆ ಪಾತ್ರ ಸತ್ತಿತು. ಆ ಶೀಟನ್ನು 'ತೀರಿಕೊಂಡವರು' ಎಂಬ ಫೋಲ್ಡರಿಗೆ ಹಾಕುತ್ತೇವೆ. ಅಲ್ಲಿಗೆ ಹೋದದ್ದು ವಾಪಸ್ ಬರುವುದಿಲ್ಲ. ಇದು ಅಣ್ಣನ ನಿಯಮ.

ಅಣ್ಣನದು ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ತಾತನ ಕಾಲದ್ದು. ಡಿಗ್ರಿ ಓದಿದ್ದಾನೆ. ವಿಭೂತಿ ಇಡದೆ ಅಂಗಡಿ ಬಾಗಿಲು ತೆಗೆಯುವುದಿಲ್ಲ. ಭಾನುವಾರ ಅದೇ ಮನುಷ್ಯ ಕಳ್ಳರ ನಾಯಕನಾಗಿ ಗಂಟಲು ಹರಿಯುವಂತೆ ಕೂಗುತ್ತಾನೆ. ಪಾವಗಡದ ಅಕ್ಕನ ಮಾತಿನಲ್ಲಿ ತೆಲುಗು ಬೆರೆತಿರುತ್ತದೆ, ಮನೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಆಟದ ನಡುವೆಯೂ ಅವಳ ಮಿಷನ್ ನಿಲ್ಲುವುದಿಲ್ಲ. ಅವಳ ಪಾತ್ರ ಬಂಡೆ ಒಡೆಯುವ ಹೆಂಗಸು, ಸುತ್ತಿಗೆಯೇ ಆಯುಧ.

ಮೂರನೆಯವನು ಶಿರಾದವನು, ನನ್ನ ವಯಸ್ಸಿನವನೇ. ಲಗೇಜ್ ಆಟೋ ಓಡಿಸುತ್ತಾನೆ. ಶಿರಾದಿಂದ ನಮ್ಮ ಅಂಗಡಿಗೆ ಟೈರು, ಟ್ಯೂಬು ತರುವವನು. ನನ್ನನ್ನು ಈ ಆಟಕ್ಕೆ ಎಳೆದವನು ಅವನೇ. ಅವನ ಪಾತ್ರ ಅತ್ತರು ಮಾರುವ ಮುದುಕ. ಅವನ ದಾದಾ, ಎಂದರೆ ಅಪ್ಪನ ಅಪ್ಪ, ನಿಜವಾಗಿಯೂ ಅತ್ತರು ಮಾರುತ್ತಿದ್ದರು. ಅವರು ತೀರಿಕೊಂಡ ಮೇಲೆ ಈ ಪಾತ್ರ ಮಾಡಿದ. ಅವರದೇ ಕೆಮ್ಮು, ಅವರದೇ "ಬೇಟಾ, ಮೂಗು ಇಲ್ಲಿ ತಾ" ಎನ್ನುವ ಮಾತು. ಒಂದು ಭಾನುವಾರ ಆಟದಲ್ಲಿ ಅವನು ಹಾಗೆ ಕೆಮ್ಮುತ್ತಿದ್ದಾಗ ಅವನ ಅಮ್ಮ ಅಡುಗೆ ಬಿಟ್ಟು ಬಂದು ಬಾಗಿಲಲ್ಲಿ ನಿಂತುಬಿಟ್ಟರಂತೆ. ಆ ಮುದುಕ ಸತ್ತರೆ ಅವನಿಗೆ ಆಟ ಮುಗಿದ ಹಾಗೆ. ಅದು ನಮಗೆಲ್ಲ ಗೊತ್ತಿತ್ತು.

ನನ್ನದು ಕೋಟೆ ಕಾವಲಿನವನು. ಹೆಸರು ಯೋಚಿಸಲು ತಲೆ ಓಡದೆ ಮನೆಯಲ್ಲಿ ನನ್ನನ್ನು ಕರೆಯುವ ಹೆಸರನ್ನೇ ಅವನಿಗೆ ಇಟ್ಟೆ.

ಶೀಟು ಕಾಯುವುದು ಸುಲಭದ ಕೆಲಸವಲ್ಲ. ಆಟದಲ್ಲಿ ಎಲ್ಲರೂ ಸುಳ್ಳು ಹೇಳುತ್ತಾರೆ. ಹಗ್ಗ ಬಿಟ್ಟು ಬಂದವರು ಚೀಲದಲ್ಲೇ ಇದೆ ಎನ್ನುತ್ತಾರೆ. ಮುಗಿದ ಎಣ್ಣೆ ಇನ್ನೂ ಇದೆ ಎನ್ನುತ್ತಾರೆ. ನಾನು ಶೀಟು ನೋಡಿ ಇಲ್ಲ ಎನ್ನುತ್ತೇನೆ. ದಾಳವೂ ಫೋನಿನದೇ. ಗುಂಡಿ ಒತ್ತಿದರೆ ಅಂಕಿ ಬೀಳುತ್ತದೆ. ಅದನ್ನು ಹೇಗೆ ನಂಬುವುದು? ಒಂದು ದಿನ ಊಟದ ಹೊತ್ತು ಪೂರ್ತಿ ಆ ಗುಂಡಿಯನ್ನೇ ಒತ್ತುತ್ತಾ ಕೂತು, ಯಾರ ಕಡೆಗಾದರೂ ವಾಲುತ್ತದೆಯೇ ಎಂದು ನೋಡಿದ್ದೇನೆ. ವಾಲಲಿಲ್ಲ. ಆದರೂ ನಂಬಿಲ್ಲ. ಬೆಳಗ್ಗೆ ಎದ್ದ ಕೂಡಲೇ ಶೀಟು ತೆರೆದು, ಎಲ್ಲ ಇದ್ದ ಹಾಗೇ ಇದೆಯೇ ಎಂದು ನೋಡಿ ಸ್ನಾನಕ್ಕೆ ಹೋಗುತ್ತೇನೆ. ಆ ಹೊತ್ತಿನಲ್ಲಿ ಅವ್ವ ಫೋನು ತಗೊಂಡು ಹುಲಿಕುಂಟೆಯ ಚಿಕ್ಕಮ್ಮನಿಗೆ ಕಾಲ್ ಮಾಡುತ್ತಾಳೆ. ಅದು ಬಿಟ್ಟರೆ ಮನೆಯಲ್ಲಿ ನನ್ನ ಫೋನನ್ನು ಯಾರೂ ಮುಟ್ಟುವುದಿಲ್ಲ.

ಗಲಾಟೆ ಶುರುವಾದದ್ದು ಕಳ್ಳರ ಜೊತೆಗಿನ ಕಾಳಗದಲ್ಲಿ. ಅದಕ್ಕೆ ಹಿಂದಿನ ವಾರ ನಮ್ಮ ಪಾತ್ರಗಳು ಒಂದು ಮಾಯದ ಬಾವಿಯ ನೀರು ಕುಡಿದಿದ್ದವು. ಕುಡಿದರೆ ಪ್ರಾಣ ಪೂರ್ತಿ ತುಂಬುತ್ತದೆ. ಬಂಡೆಯವಳಿಗೆ ನಲವತ್ತು, ಕಾವಲಿನವನಿಗೆ ಮೂವತ್ತು, ಮುದುಕನಿಗೆ ಇಪ್ಪತ್ತು. ಅದಕ್ಕಿಂತ ಒಂದೂ ಹೆಚ್ಚಾಗುವ ಹಾಗಿಲ್ಲ.

ಮುದುಕ ಎರಡು ಏಟು ತಿಂದ. ಎರಡನೆಯ ಏಟು ಹಾಕಿ ಅಣ್ಣ ಕಳ್ಳನ ದನಿ ಬಿಟ್ಟು ತನ್ನ ದನಿಗೆ ಬಂದ.

"ಮುದುಕ ಹೋದ ಕಣ್ರೋ."

ನಾನು ಅಂಕಿ ಹಾಕಿ ಶೀಟು ನೋಡಿದೆ. "ಒಂದೈತೆ ಅಣ್ಣ."

"ಏನೊಂದು?"

"ಪ್ರಾಣ. ಒಂದು ತೋರಿಸ್ತೈತೆ."

"ಶುಕರ್ ಹೈ!" ಎಂದು ಶಿರಾದವನು ಕೂಗಿದ. ಆಟೋದ ಮೇಲೆ ಕೈ ಬಡಿದ ಸದ್ದು ಕೇಳಿತು.

ಅಕ್ಕನ ಮಿಷನ್ ನಿಂತಿತು. "ಆಗಪ್ಪಾ, ನಿಲ್ಲು. ಬಾವಿ ನೀರು ಕುಡ್ದಾಗ ತಾತನಿಗೆ ಇಪ್ಪತ್ತು ಕದಾ? ಈಗ ಹನ್ನೆರಡು ಬಿತ್ತು, ಆಮ್ಯಾಲೆ ಎಂಟು ಬಿತ್ತು. ಇಂಕಾ ಒಂದು ಎಲ್ಲಿಂದ ಬಂತು?"

"ನಿಂಗ್ಯಾಕಕ್ಕ ಹೊಟ್ಟೆ ಉರಿ? ಬದುಕಿದಾನೆ, ಬಿಡು," ಎಂದ ಶಿರಾದವನು.

"ಹೊಟ್ಟೆ ಉರಿ ಅಲ್ಲಪ್ಪಾ. ಲೆಕ್ಕ."

ಅಣ್ಣ ಹಿಸ್ಟರಿ ತೆಗೆ ಎಂದ. ಶೀಟಿನಲ್ಲಿ ಯಾರು ಏನು ತಿದ್ದಿದರೂ ಅಲ್ಲಿ ಉಳಿಯುತ್ತದೆ. ತೆಗೆದೆ. ಮುದುಕನ ಇಪ್ಪತ್ತು ಇಪ್ಪತ್ತೊಂದಾಗಿತ್ತು. ಅಕ್ಕನ ನಲವತ್ತು ನಲವತ್ತೊಂದು. ನನ್ನ ಮೂವತ್ತು ಮೂವತ್ತೊಂದು. ದಿನ ಶುಕ್ರವಾರ. ತಿದ್ದಿದ ಅಕೌಂಟು ನನ್ನದು.

ಎಲ್ಲರಿಗೂ ಅದು ಕಾಣುತ್ತಿತ್ತು.

ನಾನು ತಿದ್ದಿರಲಿಲ್ಲ. ಶನಿವಾರ, ಭಾನುವಾರ ಬೆಳಗ್ಗೆ ನಿದ್ದೆಗಣ್ಣಲ್ಲಿ ಶೀಟು ನೋಡಿದಾಗ ಒಂದೊಂದೇ ಹೆಚ್ಚಿದ್ದು ಕಣ್ಣಿಗೆ ಬಿದ್ದಿರಲಿಲ್ಲ. ಹಾಗಾದರೆ ಯಾರು? ದಡ್ಡ ಕಳ್ಳ ಐವತ್ತು ಹಾಕುತ್ತಾನೆ. ಒಂದೇ ಒಂದು ಹಾಕುವವನು, ನೋಡುತ್ತಾರೋ ಇಲ್ಲವೋ ಎಂದು ಪರೀಕ್ಷೆ ಮಾಡುವವನು. ಎಲ್ಲರಿಗೂ ಒಂದೊಂದು ಹಾಕುವವನು ಅವನಿಗಿಂತ ಖದೀಮ. ಅನುಮಾನ ಎಲ್ಲರ ಮೇಲೂ ಹಂಚಿಹೋಗಲಿ ಎಂದು ಹಾಗೆ ಮಾಡುತ್ತಾನೆ. ಮೂರು ಜನರಲ್ಲಿ ಆ ಒಂದು ಯಾರಿಗೆ ಕೆಲಸಕ್ಕೆ ಬಂತು? ಮುದುಕನಿಗೆ.

"ಶುಕ್ರವಾರ ನನ್ ಫೋನ್ ಇಸ್ಕೊಂಡಿದ್ದು ಯಾರ್ಲಾ?" ಎಂದೆ.

"ಅರೆ, ನಂದು ಕರೆನ್ಸಿ ಖಾಲಿ ಆಗಿತ್ತು. ಸೇಟ್‌ಗೆ ಕಾಲ್ ಮಾಡೋಕೆ ಇಸ್ಕೊಂಡೆ ಯಾರ್."

"ಗಾಡಿ ಹಿಂದಕ್ಕೋಗಿ ಯಾಕೆ ಮಾತಾಡ್ದೆ?"

"ಲಾರಿ ಸದ್ದು ಇತ್ತು ಅಂತ."

"ಲಾರಿ ಅಲ್ಲಿ ದಿನಾ ಓಡಾಡ್ತವೆ. ಬ್ಯಾರೆ ದಿನ ಹಿಂದಕ್ಕೋಗಿಲ್ವಲ್ಲ ನೀನು?"

ಅವನು ಸಣ್ಣ ದನಿಯಲ್ಲಿ ಹೇಳಿದ. "ನನ್ ದಾದಾಗೆ ಕದ್ದಿದ್ ಪ್ರಾಣ ಇಡ್ತೀನಾ ನಾನು? ಅಷ್ಟೇನಾ ನೀನು ನನ್ನ ತಿಳ್ಕೊಂಡಿರೋದು?" ಕಾಲ್ ಕಟ್ ಮಾಡಿಬಿಟ್ಟ.

ಅಣ್ಣ ತೀರ್ಪು ಕೊಟ್ಟ. ಬರುವ ಭಾನುವಾರದೊಳಗೆ ಯಾರು ಎಂದು ಗೊತ್ತಾಗಬೇಕು. ಗೊತ್ತಾದವನು ಆಟದಿಂದ ಹೊರಗೆ. ಗೊತ್ತಾಗದಿದ್ದರೆ ಮುದುಕ ಸತ್ತ ಲೆಕ್ಕ, ಅವನ ಶೀಟು 'ತೀರಿಕೊಂಡವರು' ಫೋಲ್ಡರಿಗೆ. ಹಾಕುವ ಕೈ ನನ್ನದೇ.

ಆ ವಾರ ಟೈರು ಬಂದಾಗ ಶಿರಾದವನು ಗಾಡಿಯಿಂದ ಇಳಿಯಲಿಲ್ಲ. ನಾನೇ ಇಳಿಸಿಕೊಂಡೆ. ಅಂಗಡಿ ಮಾಲೀಕ ಟೀ ತರಿಸಿದ. ಶಿರಾದವನು ಬೇಡ ಎಂದು ಕೈ ಆಡಿಸಿ ಗಾಡಿ ಸ್ಟಾರ್ಟ್ ಮಾಡಿದ. ಮಾಲೀಕ ನನ್ನ ಮುಖ ನೋಡಿದ.

"ಏನ್ಲಾ, ಗಂಡ ಹೆಂಡ್ತಿ ಮಾತು ಬುಟ್ಟಿದೀರಾ?"

ತಪ್ಪಿಲ್ಲದವನು ಟೀ ಯಾಕೆ ಬಿಡುತ್ತಾನೆ ಎಂದು ಯೋಚಿಸುತ್ತಾ ಟೈರುಗಳನ್ನು ಒಳಗೆ ಉರುಳಿಸಿದೆ. ತಪ್ಪು ಮಾಡಿದವನು ಮಾಮೂಲಿನಂತೆ ಕುಡಿಯುತ್ತಾನೆ ಎಂಬುದೂ ತಲೆಗೆ ಬಂತು. ಅದು ಇನ್ನಷ್ಟು ತಲೆ ಕೆಡಿಸಿತು.

ಸಂಜೆ ಅಣ್ಣ ಕಾಲ್ ಮಾಡಿದ. ಫೋನಿನಲ್ಲಿ ದಿನ ಮಾತ್ರ ಕಂಡಿತ್ತು. ಅವನು ಅಂಗಡಿಯ ಕಂಪ್ಯೂಟರಿನಲ್ಲಿ ನೋಡಿದ್ದ. ಅಲ್ಲಿ ಹೊತ್ತೂ ಕಾಣುತ್ತದಂತೆ.

"ಶಿರಾದೋನು ನಿಮ್ಮಂಗಡಿಗೆ ಬರೋದು ಎಷ್ಟೊತ್ತಿಗಯ್ಯ?"

"ಬಿಸ್ಲು ಏರಿದ್ ಮೇಲೆ."

"ತಿದ್ದಿರೋದು ಬೆಳಗಿನ ಜಾವ ಕಳೆದು ಇನ್ನೇನು ಬಿಸಿಲು ಬೀಳೋ ಹೊತ್ತಿಗೆ. ಆವಾಗ ಫೋನ್ ಎಲ್ಲಿತ್ತು?"

"ನಮ್ಮನೇಲಿ."

"ಹ್ಞೂಂ. ಇನ್ ನೀನೇ ಹೇಳಪ್ಪ."

ಶಿರಾದವನು ಪಾರಾದ. ಸಿಕ್ಕಿಬಿದ್ದವನು ನಾನು. ಆದರೆ ನಾನು ಮಾಡಿಲ್ಲ ಎಂಬುದು ನನಗೆ ಗೊತ್ತಿರುವಾಗ ಇನ್ನೊಬ್ಬನು ಇರಲೇಬೇಕು. ನನ್ನ ಅಕೌಂಟು ಮಾಡಿಕೊಟ್ಟವನು ಅಣ್ಣನೇ. ಪಾಸ್‌ವರ್ಡ್ ಹಾಕಿಕೊಟ್ಟವನೂ ಅವನೇ, ನನಗೆ ಇಂಗ್ಲಿಷ್ ಬರುವುದಿಲ್ಲವೆಂದು.

"ಅಣ್ಣ, ಪಾಸ್‌ವರ್ಡ್ ನಿಂಗೂ ಗೊತ್ತಲ್ವಾ?"

"ಏನು?"

"ಕೇಳ್ದೆ ಅಷ್ಟೆ. ಗೊತ್ತೋ ಇಲ್ವೋ?"

"ನಾನೇ ಬೀಗದ ಕೈ ಕೊಟ್ಟು, ನಾನೇ ಕನ್ನ ಹಾಕ್ತೀನಾ? ನಿನ್ ಜೊತೆ ಮಾತಾಡೋದೇ ದಂಡ ಹೋಗಯ್ಯ," ಎಂದು ಅವನೂ ಇಟ್ಟುಬಿಟ್ಟ.

ಅನುಮಾನ ಪಟ್ಟಿದ್ದಕ್ಕೆ ನನಗೆ ನಾಚಿಕೆ ಇಲ್ಲ. ಕುರಿ ಕಾಯುವ ಮನೆಯಲ್ಲಿ ಹುಟ್ಟಿದವನು ನಾನು. ಮರಿ ಕಾಣದಿದ್ದರೆ ತೋಳನ ಹೆಜ್ಜೆಯನ್ನೂ ನೋಡಬೇಕು, ಪಕ್ಕದವನ ಕೊಟ್ಟಿಗೆಯನ್ನೂ ನೋಡಬೇಕು. ಪಕ್ಕದವನು ಒಳ್ಳೆಯವನು ಎಂದು ನೋಡದೆ ಬಿಟ್ಟರೆ ಅಪ್ಪ ಬೈಯುತ್ತಾನೆ.

ಅಂಗಡಿಯಲ್ಲೇ ಕೂತು ಬರೀ ಅಂಕಿ ಹಾಕಿ ಪಾಸ್‌ವರ್ಡ್ ಬದಲಾಯಿಸಿದೆ. ಕಾಳಗ ಅರ್ಧಕ್ಕೆ ನಿಂತಿತ್ತು, ಅಕ್ಕನಿಗೂ ನನಗೂ ಏಟು ಬಿದ್ದಿರಲಿಲ್ಲ. ಹಾಗಾಗಿ ಅವಳದನ್ನು ನಲವತ್ತಕ್ಕೆ, ನನ್ನದನ್ನು ಮೂವತ್ತಕ್ಕೆ ತಂದೆ. ಮುದುಕನ ಒಂದನ್ನು ಮುಟ್ಟಲಿಲ್ಲ, ಅದು ತೀರ್ಪಿಗೆ ಬಿಟ್ಟದ್ದು. ಇನ್ನೂ ಅಂಕಿ ಬದಲಾದರೆ ಕಳ್ಳ ಹೊರಗಿನವನಲ್ಲ, ನನ್ನ ಫೋನಿನೊಳಗೇ ಇದ್ದಾನೆ ಎಂದರ್ಥ.

ಮಾರನೆಯ ದಿನ ಎದ್ದು ನೋಡಿದೆ. ನಲವತ್ತು, ಮೂವತ್ತು. ಸ್ನಾನ ಮುಗಿಸಿ ಬಂದು ನೋಡಿದೆ. ನಲವತ್ತೊಂದು, ಮೂವತ್ತೊಂದು. ಮನೆಯಲ್ಲಿ ಅಪ್ಪ ಇರಲಿಲ್ಲ, ಕುರಿ ಹೊಡೆದುಕೊಂಡು ಹೋಗಿದ್ದ.

ಮತ್ತೆ ಸರಿ ಮಾಡಿದೆ. ಮರುದಿನ ಫೋನನ್ನು ಶೀಟು ತೆರೆದೇ ಕಿಟಕಿಯ ಮೇಲೆ ಇಟ್ಟು, ಬಚ್ಚಲಿಗೆ ಹೋಗಿ, ಮೈಗೆ ಹಾಕಿಕೊಳ್ಳದೆ ಚೊಂಬಿನಿಂದ ನೆಲಕ್ಕೆ ನೀರು ಸುರಿಯುತ್ತಾ ಬಾಗಿಲ ಸಂದಿಯಿಂದ ಇಣುಕಿದೆ.

ಅವ್ವ ಬಂದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿದಳು. ಫೋನನ್ನು ದೂರ ಹಿಡಿದಳು. ತುಟಿ ಅಲ್ಲಾಡುತ್ತಿತ್ತು. ಹೆಂಗಸರ ಸಂಘದಲ್ಲಿ ಅಕ್ಷರ ಕಲಿತವಳು, ಒಂದೊಂದೇ ಕೂಡಿಸಿ ಓದುತ್ತಾಳೆ. ನನ್ನ ಹೆಸರು ಓದಿದಳು. "ಪ್ರಾ... ಣ" ಎಂದಳು. ಬೆರಳಿನಿಂದ ನಿಧಾನವಾಗಿ ಸೊನ್ನೆ ಅಳಿಸಿ ಒಂದು ಒತ್ತಿದಳು. ಪಕ್ಕದ ಶೀಟಿಗೂ ಹೋಗಿ ಹಾಗೇ ಮಾಡಿದಳು. ಆಮೇಲೆ ಏನೂ ಆಗಿಲ್ಲವೆಂಬಂತೆ ಚಿಕ್ಕಮ್ಮನಿಗೆ ಕಾಲ್ ಹಚ್ಚಿದಳು.

ನಾನು ಚೊಂಬು ಹಿಡಿದೇ ಹೊರಗೆ ಬಂದೆ.

"ಅವ್ವ, ಏನ್ ಮಾಡ್ತಿದೀಯ?"

"ಮೈ ತೊಳ್ಕಂಡಿಲ್ವೇನ್ಲಾ? ಅಷ್ಟೊತ್ತಿಂದ ನೀರು ಸುರೀತಿದ್ದೆ."

"ಆ ಅಂಕಿ ಯಾಕೆ ತಿದ್ದಿದ್ದು ನೀನು?"

ಅವಳು ಫೋನನ್ನು ನನ್ನ ಮುಖಕ್ಕೇ ಹಿಡಿದಳು. "ಇದು ನಿನ್ ಹೆಸ್ರಲ್ವಾ? ಅದ್ರ ಮುಂದೆ ಪ್ರಾಣ ಅಂತ ಬರ್ದೈತಲ್ಲ? ಕೊನೇಲಿ ಸೊನ್ನೆ ಇಟ್ಟು ನಿಲ್ಸವ್ರಲ್ಲ, ಯಾವ್ ಮುಂಡೇವ್ಲಾ ಬರ್ದಿದ್ದು?"

"ನಾನೇ."

"ನೀನೇನಾ! ಮದ್ವೆ ಮುಯ್ಯಿಗೆ ಯಾರಾನಾ ನೂರು ಹಾಕ್ತಾರೇನ್ಲಾ? ನೂರೊಂದು ಹಾಕ್ತಾರೆ. ಸೊನ್ನೆಗೆ ನಿಲ್ಸಿದ್ರೆ ಅಲ್ಲಿಗೆ ಮುಗೀತು ಅಂತ. ಒಂದಿಟ್ರೆ ಮುಂದಕ್ಕೆ ಬೆಳೀತೈತೆ. ಬಟ್ಟೆ ಕೊಡಾಕೇ ಮ್ಯಾಲೊಂದ್ ರೂಪಾಯಿ ಇಡ್ತೀವಿ, ಪ್ರಾಣಕ್ಕೆ ಇಡಾದ್ ಬ್ಯಾಡ್ವಾ?"

"ಅದು ಆಟ ಕಣವ್ವ. ನನ್ ಪ್ರಾಣ ಅಲ್ಲ."

"ಹೆಸ್ರು ನಿಂದೇ ಅಲ್ವಾ?"

"ಮಿಕ್ಕೋರ್ದು ಯಾಕೆ ತಿದ್ದಿದೆ ಮತ್ತೆ?"

"ನನ್ ಮಗನ್ಗೊಬ್ಬನ್ಗೇ ಹಾಕಿ, ಜೊತೆಗ್ ಕುಂತೋರ ಎಲೆಗೆ ಬಡಿಸ್ದೇನೇ ಬುಡಾಕಾಯ್ತದಾ? ಪಂಕ್ತೀಲಿ ಅಂಗ್ ಮಾಡ್ಬಾರ್ದು."

ಕಳ್ಳ ಸಿಕ್ಕಿದ. ಆದರೆ ಇದನ್ನು ಯಾರಿಗೆ ಹೇಳುವುದು? ನನ್ನವ್ವ ಮಾಡಿದ್ದು ಎಂದರೆ ಯಾರು ನಂಬುತ್ತಾರೆ? ಬೇರೆ ಯಾರಾದರೂ ಈ ಕಥೆ ಹೇಳಿದ್ದರೆ ನಾನಂತೂ ನಂಬುತ್ತಿರಲಿಲ್ಲ. ಸಿಕ್ಕಿಬಿದ್ದ ಮೇಲೆ ಅಮ್ಮನ ಸೆರಗಿನ ಹಿಂದೆ ಅಡಗಿದ ಎನ್ನುತ್ತಿದ್ದೆ.

ಹಾಗಾಗಿ ಭಾನುವಾರ ಅವ್ವನನ್ನೇ ಕಾಲ್‌ಗೆ ಕೂರಿಸಿದೆ. ಮನೆ ಹಿಂದಿನ ಬಂಡೆ ಮೇಲೆ ಸಿಗ್ನಲ್ ಚೆನ್ನಾಗಿ ಸಿಗುತ್ತದೆ. ಅವಳು ಕಡಲೆಕಾಯಿ ಬಿಡಿಸುತ್ತಾ ಕೂತಳು, ನಾನು ಫೋನು ಹಿಡಿದೆ. ಅಕ್ಕ ಶಿರಾದವನಿಗೆ ಹತ್ತು ಸಲ ಕಾಲ್ ಮಾಡಿ ಬೈದು ಸೇರಿಸಿದ್ದಳು. ಸೇರಿದ್ದ, ಮಾತಿರಲಿಲ್ಲ.

ಅವ್ವ ಅಣ್ಣನನ್ನೇ ಮೊದಲು ತರಾಟೆಗೆ ತೆಗೆದುಕೊಂಡಳು. "ಏನಪ್ಪಾ, ನೀನೇನಾ ಓದ್ದೋನು? ಬದುಕಿರೋರ ಪ್ರಾಣಕ್ಕೆ ಸೊನ್ನೆ ಬರೀ ಅಂತ ಯಾವ್ ಸ್ಕೂಲ್ನಾಗೆ ಹೇಳ್ಕೊಟ್ರು?"

ಅಣ್ಣ ತಡವರಿಸಿದ. "ಅದು ಹಂಗಲ್ಲಮ್ಮ, ಅದು ಗೇಮು..."

"ನಿಮ್ಮನೇಲಿ ಮುಯ್ಯಿಗೆ ನೂರು ಹಾಕ್ತಾರಾ, ನೂರೊಂದು ಹಾಕ್ತಾರಾ?"

"ನೂರೊಂದು," ಎಂದ ಅಣ್ಣ. ದನಿ ಸಣ್ಣಗಾಗಿತ್ತು.

"ನಮ್ಮ ಕಡೆ ನೂರಾಹದಿನಾರು ಅಮ್ಮಾ," ಎಂದು ಅಕ್ಕ ನಕ್ಕಳು. "ನೀವು ಅಂದರಿಕೀ, ಎಲ್ಲರಿಗೂ ಹದಿನಾರು ಹಾಕಿದ್ರೆ ಚೆನ್ನಾಗಿತ್ತು, ನನ್ ಬಂಡೆಯವಳು ಕೋಟೇನೇ ಒಡೀತಿದ್ಲು."

"ತಾತನ್ ವೇಸ ಯಾರಪ್ಪ ನಿಮ್ಮಲ್ಲಿ?" ಎಂದು ಅವ್ವ ಕೇಳಿದಳು.

ಶಿರಾದವನ ದನಿ ಬಂತು. "ನಾನಮ್ಮ."

"ಹೆಂಗವ್ರೆ ಈಗ?"

"ಒಂದೇ ಉಳ್ದೈತಮ್ಮ. ಅದೂ ನೀವ್ ಇಟ್ಟಿದ್ದು."

"ಒಂದೈತಲ್ಲ ಬುಡು. ಬೆಳೀತೈತೆ," ಎಂದು ಅವ್ವ ಕಡಲೆಕಾಯಿ ಬುಟ್ಟಿ ಎತ್ತಿಕೊಂಡು ಇಳಿದುಹೋದಳು.

ನಿಯಮದ ಪ್ರಕಾರ ಗೊತ್ತಾದವರು ಆಟದಿಂದ ಹೊರಗೆ. ಅಮ್ಮನನ್ನು ಹೊರಗೆ ಹಾಕಿರಿ ನೋಡೋಣ ಎಂದು ಅಕ್ಕ ಸವಾಲು ಹಾಕಿದಳು. ಅಣ್ಣ ಯೋಚಿಸಿ ಯೋಚಿಸಿ ಕೊನೆಗೆ ಹೇಳಿದ. ಬಾವಿ ಇಪ್ಪತ್ತಕ್ಕಿಂತ ಹೆಚ್ಚು ಕೊಡುವುದಿಲ್ಲ. ಆ ಇಪ್ಪತ್ತು ಕಳ್ಳರಿಗೆ ಹೋಯಿತು. ಉಳಿದ ಒಂದು ಬಾವಿಯದಲ್ಲ, ಹಾಗಾಗಿ ಅದನ್ನು ಕಳೆಯಲು ತನಗೆ ಹಕ್ಕಿಲ್ಲ. ಆದರೆ ಇನ್ನು ಯಾವ ಬಾವಿಯೂ, ಯಾವ ಮದ್ದೂ ಮುದುಕನ ಪ್ರಾಣವನ್ನು ಏರಿಸುವುದಿಲ್ಲ. ಆ ಒಂದರಲ್ಲೇ ಬದುಕಬೇಕು. ಬೀಗದ ಕೈ ಸರಿಯಾಗಿ ಕಾಯದವನಿಗೂ ಶಿಕ್ಷೆ ಬಿತ್ತು. ಮುದುಕನಿಗೆ ಬರುವ ಏಟನ್ನೆಲ್ಲ ಕಾವಲಿನವನು ಮುಂದೆ ನಿಂತು ತಾನು ತಿನ್ನಬೇಕು.

"ನಂಗೆ ಸಾರಿ ಹೇಳಲ್ವಾ?" ಎಂದ ಶಿರಾದವನು.

"ಗಾಡಿ ಹಿಂದಕ್ಕೋಗಿ ಮಾತಾಡಿದ್ದು ನಿಜ ತಾನೇ?"

"ಯಾ ಅಲ್ಲಾ! ಸೇಟು ಬೈತಾ ಇದ್ದ ಕಣೋ. ನಿನ್ ಮುಂದೆ ಬೈಸ್ಕೊಳ್ಳಾ?"

ಅದನ್ನು ಮೊದಲೇ ಹೇಳಬಹುದಿತ್ತು. ಹೇಳಲಿಲ್ಲ. ಈಗ ಹೇಳಿದ್ದೂ ನಿಜವೋ ಏನೋ.

ಮುಂದಿನ ಸಲ ಟೈರು ತಂದಾಗ ಗಾಡಿ ಇಳಿದು ಟೀ ಕುಡಿದ. ನನ್ನ ಫೋನಿಗೆ ಲಾಕ್ ಹಾಕಿದ್ದೇನೆ. ಅವ್ವನಿಗೆ ಕಾಲ್ ಹಚ್ಚಿ ಕೊಟ್ಟು ಪಕ್ಕದಲ್ಲೇ ನಿಂತಿರುತ್ತೇನೆ. ಚಿಕ್ಕಮ್ಮನ ಜೊತೆ ಮಾತು ಮುಗಿದ ಮೇಲೆ ಅವಳು ತಾತ ಹೇಗಿದ್ದಾರೆ ಎಂದು ಕೇಳುತ್ತಾಳೆ. ಒಂದು ಎನ್ನುತ್ತೇನೆ.

ಆಟ ನಡೆದಿದೆ. ನನಗೆ ಹೊಸ ಅನುಮಾನ ಹತ್ತಿದೆ. ಮೊದಲೆಲ್ಲ ಆ ಮುದುಕ ಕಾಳಗ ಎಂದರೆ ಅತ್ತರಿನ ಪೆಟ್ಟಿಗೆ ತಬ್ಬಿಕೊಂಡು ಕಲ್ಲಿನ ಹಿಂದೆ ಕೂರುತ್ತಿದ್ದ. ಈಗ ಪ್ರಾಣ ಒಂದೇ ಇರುವಾಗ ಎಲ್ಲದಕ್ಕೂ ಮುಂದೆ ನುಗ್ಗುತ್ತಾನೆ. ಚಿರತೆ ಗವಿ ಎಂದರೆ ನಾನು ಮೊದಲು ಎನ್ನುತ್ತಾನೆ. ಏಟೆಲ್ಲ ನನಗೆ. ನನ್ನ ಮೂವತ್ತೊಂದು ಈಗ ಒಂಬತ್ತಕ್ಕೆ ಬಂದಿದೆ. ಬೇಕೆಂದೇ ಮಾಡುತ್ತಿದ್ದೀಯಾ ಎಂದು ಟೀ ಕುಡಿಯುವಾಗ ನೇರ ಕೇಳಿದೆ. ಅವನು ದಾದಾನ ದನಿ ತೆಗೆದ. "ಬೇಟಾ, ಮುದುಕನಿಗೆ ಕಣ್ಣು ಮಂಜು. ಮುಂದೆ ಯಾವ್ದು, ಹಿಂದೆ ಯಾವ್ದು, ತಿಳ್ಯಲ್ಲ."

ಹೋದ ಭಾನುವಾರ ಒಂದು ಹಾಳು ಬುರುಜು ಬಂತು. ಮೇಲೆ ಬಿಲ್ಲು ಹಿಡಿದವರು ಇದ್ದಾರೆ ಎಂದು ಅಣ್ಣ ಹೇಳಿದ. ಏನು ಮಾಡುತ್ತೀರಿ ಎಂದ. ಮುದುಕ ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲು ಹತ್ತುತ್ತಾನೆ ಎಂದ ಶಿರಾದವನು. ಹತ್ತಬೇಡ ಎಂದೆ. ಅಕ್ಕನೂ ವದ್ದಯ್ಯಾ ಎಂದಳು. ಅವನು ಕೆಮ್ಮಿದ. ದಾದಾನ ಅದೇ ಕೆಮ್ಮು.

ಕಾವಲಿನವನು ಮುಂದೆ ಬಂದು ನಿಲ್ಲುತ್ತಾನೆ ಎಂದೆ. ದಾಳ ಒತ್ತಿದೆ.